ಭಾನುವಾರ ಕದ್ದ ಪಾಠ

ಸೌದಿಯ ಅಲ್ ಅಹ್ಸಾಕ್ಕೆ ಬಂದ ಮೂರನೆಯ ವರ್ಷ ನಾನು ಶುಕ್ರವಾರದ ಕ್ಲಾಸು ಸುರು ಮಾಡಿದೆ. ನಮ್ಮ ಕರಾವಳಿ ಕಡೆಯ ಮನೆಗಳ ಹೆಣ್ಣುಮಕ್ಕಳಿಗೆ, ಮದ್ರಸದ ವಯಸ್ಸು ಮುಗಿದು ಮದುವೆಯ ವಯಸ್ಸು ಇನ್ನೂ ಬಾರದ, ಹದಿಮೂರರಿಂದ ಹದಿನೇಳರವರಿಗೆ. ಜುಮಾ ನಮಾಜು ಮುಗಿದು, ಊಟವಾಗಿ, ಗಂಡಸರು ಅಡ್ಡಾಗುವ ಹೊತ್ತಿನಲ್ಲಿ ಒಂಬತ್ತು ಹುಡುಗಿಯರು ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಬಂದು ಕೂರುತ್ತಿದ್ದರು. ದೀನಿನ, ಅಂದರೆ ಧರ್ಮದ ವಿಷಯ ಸ್ವಲ್ಪ, ನಡತೆಯ ವಿಷಯ ಸ್ವಲ್ಪ, ಸಿಟ್ಟು ಹೇಗೆ ಅಡಗಿಸಬೇಕು, ತಾಯಿತಂದೆಯ ಹತ್ತಿರ ಹೇಗೆ ಮಾತಾಡಬೇಕು. ನಾನು ಹೇಳುತ್ತಿದ್ದೆ, ಅವರು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಕೊನೆಗೆ ‘ಡೌಟ್ ಉಂಟಾ ಮಕ್ಕಳೇ?’ ಎಂದು ಕೇಳಿದರೆ ಒಂಬತ್ತು ತಲೆಗಳೂ ಒಟ್ಟಿಗೆ ಇಲ್ಲ ಎಂದು ಅಲ್ಲಾಡುತ್ತಿದ್ದವು. ಡೌಟ್ ಇಲ್ಲದ್ದು ನನ್ನ ಪಾಠದ ಗುಣ ಎಂದುಕೊಂಡಿದ್ದೆ. ಅವರಿಗೆ ಬೋರಾಗುತ್ತಿತ್ತು, ಅಷ್ಟೆ.

ಆ ಒಂಬತ್ತರಲ್ಲಿ ಒಬ್ಬಳು ನನ್ನ ಮಗಳು. ಆಗ ಅವಳಿಗೆ ಹದಿನಾಲ್ಕು. ಮಾತು ಬಹಳ ಕಡಿಮೆ. ಇಂಡಿಯನ್ ಸ್ಕೂಲಿನಿಂದ ಬಂದು, ಬ್ಯಾಗು ಇಟ್ಟು, ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕೇ ಹೊರಗೆ. ಅವಳ ಉಪ್ಪ, ಅಂದರೆ ನನ್ನ ಗಂಡ, ಅಬ್ಕೈಕಿನ ಎಣ್ಣೆ ಘಟಕದಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಟೆಕ್ನಿಷಿಯನ್. ವಾರವಿಡೀ ಅಲ್ಲಿಯ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ಹಾಗಾಗಿ ಐದು ದಿನ ಮನೆಯಲ್ಲಿ ನಾನು ಮತ್ತು ಆ ಮುಚ್ಚಿದ ಬಾಗಿಲು.

ನಾನು ಗಣಿತದಲ್ಲಿ ಎಂಎಸ್ಸಿ. ಊರಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದೆ. ಇಲ್ಲಿ ಅದೂ ಇದೂ ಟ್ಯೂಷನ್. ಒಂದು ದಿನ ಯಾರೋ ನನ್ನ ನಂಬರು ಕೊಟ್ಟರೆಂದು ಒಬ್ಬರು ವಿದೇಶೀ ಹೆಂಗಸು ಫೋನ್ ಮಾಡಿದರು. ದಕ್ಷಿಣ ಆಫ್ರಿಕಾದವರು. ಗಂಡ ಖರ್ಜೂರದ ಮರಕ್ಕೆ ಬೀಳುವ ಕೆಂಪು ಮೂತಿ ಹುಳದ ತಜ್ಞ. ಅಲ್ ಅಹ್ಸಾದಲ್ಲಿ ಕಣ್ಣು ಹಾಯಿಸಿದಷ್ಟೂ ಖರ್ಜೂರದ ತೋಟ, ಆ ಹುಳ ಕಾಂಡದ ಒಳಗೇ ಕೊರೆದು ಮರವನ್ನು ಕೆಡವುತ್ತದೆ, ಹಾಗಾಗಿ ಎರಡು ವರ್ಷದ ಕರಾರಿನ ಮೇಲೆ ಬಂದಿದ್ದರು. ಒಬ್ಬಳೇ ಮಗಳು, ಹದಿನೈದು ವರ್ಷ, ಶಾಲೆಯ ಪಾಠವೆಲ್ಲ ಆನ್‌ಲೈನ್. ಗಣಿತ ಮಾತ್ರ ಪರದೆಯ ಮೇಲೆ ತಲೆಗೆ ಹತ್ತುವುದಿಲ್ಲ, ಎದುರು ಕೂತು ಹೇಳಿಕೊಡುವವರು ಬೇಕು ಅಂದರು.

ಅವರ ಮನೆ ಒಂದು ಕಾಂಪೌಂಡಿನ ಒಳಗೆ. ಎತ್ತರದ ಗೋಡೆ, ಗೇಟಿನಲ್ಲಿ ಕಾವಲಿನವರು, ಒಳಗೆ ಒಂದೇ ನಮೂನೆಯ ಮನೆಗಳ ಸಾಲು. ಭಾನುವಾರ ಮತ್ತು ಬುಧವಾರ ಮಧ್ಯಾಹ್ನ ಎರಡೂವರೆಗೆ ಹೋಗುತ್ತಿದ್ದೆ. ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಾಗದೆ ಕರೆದುಕೊಂಡು ಹೋದೆ. ಸುರುವಿಗೆ ಅವಳು ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಿದ್ದಳು. ಎರಡನೆಯ ವಾರ ಆ ಹುಡುಗಿ ಒಂದು ಸಮೀಕರಣದಲ್ಲಿ ಸಿಕ್ಕಿಬಿದ್ದಾಗ ಮೂಲೆಯಿಂದ ನನ್ನ ಮಗಳು ಉತ್ತರ ಹೇಳಿದಳು. ಆ ಹುಡುಗಿ ಪೆನ್ಸಿಲ್ ಕಚ್ಚಿಕೊಂಡು, ‘ಉತ್ತರ ಬೇಡ, ಹೇಗೆ ಬಂತು ಅಂತ ಹೇಳು’ ಅಂದಳು. ನನ್ನ ಮಗಳು ಎದ್ದು ಬಂದು ಅವಳ ಪಕ್ಕ ಕೂತಳು. ನಾನು ನನ್ನ ಕುರ್ಚಿ ಸ್ವಲ್ಪ ಹಿಂದೆ ಸರಿಸಿದೆ.

ನಾಲ್ಕು ಗಂಟೆಗೆ ಮೊದಲು ಪಾಠ ಮುಗಿಯಬೇಕು ಎಂದು ತಾಯಿ ಮೊದಲೇ ಹೇಳಿದ್ದರು. ಭಾನುವಾರವಂತೂ ಗಡಿಯಾರ ನೋಡಿ ನೋಡಿ ನಮ್ಮನ್ನು ಎಬ್ಬಿಸುತ್ತಿದ್ದರು. ಒಂದು ಭಾನುವಾರ ನಮ್ಮ ಟ್ಯಾಕ್ಸಿಯವನು ಟೈರು ಪಂಕ್ಚರ್ ಎಂದು ಬರಲೇ ಇಲ್ಲ. ಹೊರಗೆ ಧೂಳಿನ ಗಾಳಿ. ಆಕೆಗೆ ನಮ್ಮನ್ನು ಹೊರಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ‘ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯೋಣ’ ಅಂದರು. ಹುಡುಗಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಪರದೆಯ ತುಂಬ ಮಕ್ಕಳ ಮುಖಗಳು, ಹತ್ತೋ ಹನ್ನೆರಡೋ. ಒಬ್ಬ ಹುಡುಗನ ನೆತ್ತಿಯ ಹಿಂದೆ ಅಂಗೈಯಗಲದ ಟೋಪಿ ಇತ್ತು. ನಮ್ಮದಲ್ಲದ ಟೋಪಿ. ಅವರು ಏನೋ ಒಂದು ಸಾಲು ಒಟ್ಟಿಗೆ ಓದಿದರು. ಅರಬಿಯ ಹಾಗೆಯೇ ಗಂಟಲಿನಿಂದ ಬರುವ, ಆದರೆ ಅರಬಿಯಲ್ಲದ ಭಾಷೆ.

ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಆಕೆಗೂ ಗೊತ್ತಾಯಿತು. ಕೆಟಲಿನ ನೀರು ಕುದಿದು ಸ್ವಿಚ್ಚು ತಾನಾಗಿ ಆಫಾಯಿತು. ಆಕೆ ಹಾಗೇ ನಿಂತಿದ್ದರು.

‘ನಮ್ಮೂರಿನ ಮಕ್ಕಳ ಗುಂಪು,’ ಅಂದರು ಕೊನೆಗೆ. ‘ವಾರಕ್ಕೊಮ್ಮೆ ಸೇರಿ ಧರ್ಮದ ಪಾಠ ಓದುತ್ತಾರೆ, ತಮ್ಮ ತಮ್ಮ ವಿಷಯ ಮಾತಾಡುತ್ತಾರೆ. ಅವಳಿಗೆ ಇಲ್ಲಿ ಬೇರೆ ಯಾರೂ ಇಲ್ಲ. ನಾವು ಯಾರಿಗೂ ಹೇಳಿಲ್ಲ. ನಿಮಗೆ ಅರ್ಥವಾಗುತ್ತದೆ ಅಲ್ಲವಾ?’

‘ಅರ್ಥವಾಗುತ್ತದೆ,’ ಅಂದೆ.

ಸುಳ್ಳು. ಏನೂ ಅರ್ಥವಾಗಿರಲಿಲ್ಲ. ನನ್ನ ನಲವತ್ತೆರಡು ವರ್ಷದಲ್ಲಿ ನಾನು ಕಂಡ ಮೊದಲ ಯಹೂದಿಗಳು ಅವರು. ಅದಕ್ಕೆ ಮೊದಲು ಅದೊಂದು ಜನ ಎಂದು ನಾನು ಯೋಚಿಸಿರಲೇ ಇಲ್ಲ. ನಮ್ಮಲ್ಲಿ ಜಿಪುಣನಿಗೆ, ಮೋಸಗಾರನಿಗೆ ಬೈಯಲು ಬಳಸುವ ಪದವಾಗಿತ್ತು ಅದು. ಮೇಲಾಗಿ ಆ ದಿನಗಳಲ್ಲಿ ಗಾಝಾದ ಮಕ್ಕಳ ಚಿತ್ರಗಳು ನಮ್ಮೆಲ್ಲರ ಫೋನಿನಲ್ಲಿ ಇದ್ದವು. ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಅದು. ಬಿಳಿ ಬಟ್ಟೆಯಲ್ಲಿ ಸುತ್ತಿದ ಸಣ್ಣ ಸಣ್ಣ ದೇಹಗಳು. ಮನೆಗೆ ಬಂದು ನಾನು ಆ ಮನೆಯ ಚಹಾ ಕುಡಿದ ಬಾಯಿಯನ್ನು ತೊಳೆದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ತೊಳೆದುಕೊಂಡದ್ದು ನಿಜ. ಬುಧವಾರ ಹೋಗುವುದಿಲ್ಲ ಎಂದು ತೀರ್ಮಾನವನ್ನೂ ಮಾಡಿದೆ.

ನನ್ನನ್ನು ಮತ್ತೆ ಅಲ್ಲಿಗೆ ಎಳೆದದ್ದು ಮಗಳು. ಮಂಗಳವಾರ ಸಂಜೆ ಅವಳು ತಾನಾಗಿ ಅಡುಗೆಮನೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಎಷ್ಟೋ ತಿಂಗಳಾಗಿತ್ತು ಹಾಗೆ ಬಂದು.

‘ಉಮ್ಮಾ, ಅವತ್ತು ನೀವು ಕೇಳಿದಿರಾ? ಆ ಲ್ಯಾಪ್‌ಟಾಪಿನ ಟೀಚರ್ ಏನೋ ಹೇಳಿದರು. ಇವಳು, ನಾನು ಒಪ್ಪುವುದಿಲ್ಲ ಅಂದಳು. ಅದಕ್ಕೆ ಟೀಚರ್ ಏನಂದರು ಗೊತ್ತುಂಟಾ? ಒಳ್ಳೆಯದು, ಯಾಕೆ ಅಂತ ಹೇಳು ಅಂದರು. ಬೈಯಲಿಲ್ಲ.’

‘ಅದರಲ್ಲಿ ಎಂತ ಉಂಟು?’ ಅಂದೆ.

‘ಎಂತ ಇಲ್ಲ,’ ಎಂದು ಅವಳು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

ಬುಧವಾರ ಹೋದೆ. ಮುಂದಿನ ಭಾನುವಾರವೂ ಹೋದೆ. ನಾಲ್ಕಾದಾಗ ಆಕೆ ನನ್ನ ಮುಖ ನೋಡಿದರು, ನಾನು ಏಳಲಿಲ್ಲ. ಆಕೆ ಕೆಟಲ್ ಇಟ್ಟರು. ಹಾಗೆ ಸುರುವಾಯಿತು. ಆಕೆ ನನಗೆ ಚಹಾ ಕೊಟ್ಟು ತಾನು ತರಕಾರಿ ಹೆಚ್ಚುತ್ತಿದ್ದರು. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಕೂತು ಆ ಪಾಠಕ್ಕೆ ಕಿವಿ ಕೊಡುತ್ತಿದ್ದೆ. ಮಗಳು ಆ ಹುಡುಗಿಯ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಬೀಳದ ಹಾಗೆ ಕೂರುತ್ತಿದ್ದಳು.

ಕಲಿಸುತ್ತಿದ್ದವಳು ಇಪ್ಪತ್ತೈದು ದಾಟದ ಗುಂಗುರು ಕೂದಲಿನ ಹುಡುಗಿ. ಮಕ್ಕಳು ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಅವಳು ಪಾಠ ಹೇಳುತ್ತಿದ್ದದ್ದು ಕಡಿಮೆ. ಹಳೆಯ ಗ್ರಂಥದ ಒಂದೇ ಒಂದು ಸಣ್ಣ ಭಾಗ ಕೊಟ್ಟು ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸುತ್ತಿದ್ದಳು. ಇಬ್ಬರೂ ಅದನ್ನು ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ವಾದ ಮಾಡಬೇಕು. ಒಬ್ಬರು ಒಪ್ಪಿಕೊಂಡುಬಿಟ್ಟರೆ ಇನ್ನೊಬ್ಬರು ಕಾರಣ ಕೇಳಬೇಕು. ಒಂದು ವಾರದ ವಿಷಯ ನೆನಪಿದೆ. ದಾರಿಯಲ್ಲಿ ಒಂದು ವಸ್ತು ಸಿಕ್ಕಿತು, ಯಾವಾಗ ಅದು ನಿನ್ನದು, ಯಾವಾಗ ಅಲ್ಲ? ಕಳೆದುಕೊಂಡವನು ಆಸೆ ಬಿಟ್ಟಿದ್ದರೆ? ಅವನು ಆಸೆ ಬಿಟ್ಟದ್ದು ನಿನಗೆ ಹೇಗೆ ಗೊತ್ತು? ಇದೇ ವಿಷಯ ನಮ್ಮ ಕಿತಾಬುಗಳಲ್ಲೂ ಉಂಟು, ಮದ್ರಸದಲ್ಲಿ ನಾನೇ ಬಾಯಿಪಾಠ ಮಾಡಿದ್ದೆ. ವರ್ಷಗಟ್ಟಲೆ ಹಾಗೇ ಮಡಚಿಟ್ಟಿದ್ದೆ, ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಕೊನೆಯ ಹತ್ತು ನಿಮಿಷ ಗ್ರಂಥವಿಲ್ಲ. ಈ ವಾರ ನಾನು ಮಾಡಿದ ಯಾವ ಕೆಲಸವನ್ನು ಬೇರೆ ರೀತಿ ಮಾಡಬಹುದಿತ್ತು, ಅದನ್ನು ಜೊತೆಗಾರನಿಗೆ ಮಾತ್ರ ಹೇಳಬೇಕು. ಜೊತೆಗಾರ ಬುದ್ಧಿ ಹೇಳುವ ಹಾಗಿಲ್ಲ, ಕೇಳಬೇಕು ಅಷ್ಟೆ. ಆ ಹುಡುಗಿಯ ಜೊತೆಗಾತಿ ಆಗಾಗ ಬರುತ್ತಿರಲಿಲ್ಲ. ಆಗೆಲ್ಲ ಅವಳು ಲ್ಯಾಪ್‌ಟಾಪಿನ ಧ್ವನಿ ನಿಲ್ಲಿಸಿ ನನ್ನ ಮಗಳ ಕಡೆ ತಿರುಗುತ್ತಿದ್ದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತಿದ್ದರು. ನನ್ನ ಮಗಳಿಗೆ ಹೇಳಲು ಅಷ್ಟು ಮಾತು ಇತ್ತೆಂದು ನನಗೆ ಗೊತ್ತಿರಲಿಲ್ಲ. ಏನು ಹೇಳುತ್ತಿದ್ದಳೋ ಈಗಲೂ ಗೊತ್ತಿಲ್ಲ.

ಒಂದು ಭಾನುವಾರ ಆ ಹುಡುಗಿ ಗಾಝಾದ ಮಾತೆತ್ತಿದಳು. ಅಲ್ಲಿ ಆಗುತ್ತಿರುವುದು ತಪ್ಪು, ನಾವು ಓದುವುದಕ್ಕೂ ಅದಕ್ಕೂ ಹೇಗೆ ಹೊಂದುತ್ತದೆ ಎಂದು ಕೇಳುತ್ತ ಅತ್ತುಬಿಟ್ಟಳು. ಒಬ್ಬ ಹುಡುಗ ಸಿಟ್ಟಿನಿಂದ, ತನ್ನ ಅಕ್ಕನ ಮಗ ಇಸ್ರೇಲಿನ ಒಂದು ಊರಿನಲ್ಲಿ ರಾಕೆಟ್ಟಿಗೆ ಹೆದರಿ ನೆಲಮಾಳಿಗೆಯಲ್ಲಿ ಮಲಗುತ್ತಿದ್ದಾನೆ ಎಂದು ಹೇಳಿ ಪರದೆ ಆರಿಸಿ ಹೋದ. ಕಲಿಸುವವಳ ಕಣ್ಣಲ್ಲೂ ನೀರು ಬಂದಿತ್ತು. ಆಮೇಲೆ ಅವಳು, ‘ಅವನನ್ನು ನಾನು ಆಮೇಲೆ ಕರೆದು ಮಾತಾಡುತ್ತೇನೆ. ನೀನು ಹೇಳುತ್ತಿದ್ದದ್ದನ್ನು ಮುಗಿಸು’ ಅಂದಳು. ಅಡುಗೆಮನೆಯಲ್ಲಿ ತಾಯಿ ಚಾಕು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ನನಗೆ ಆಕೆಯ ಭುಜ ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ.

ಇಷ್ಟರಲ್ಲಿ ನಾನು ನನ್ನ ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಭಾನುವಾರ ಕೇಳಿದ್ದನ್ನು ಅದರಲ್ಲಿ ಬರೆದು ಶುಕ್ರವಾರ ಬಳಸತೊಡಗಿದೆ. ಗ್ರಂಥ ನಮ್ಮದು, ರೀತಿ ಅವರದು. ಹುಡುಗಿಯರನ್ನು ಇಬ್ಬಿಬ್ಬರಾಗಿ ಕೂರಿಸಿದೆ. ಮೊದಲ ವಾರ ನಕ್ಕರು. ಎರಡನೆಯ ವಾರ ಜಗಳವಾಡಿದರು. ಮೂರನೆಯ ವಾರ ಕ್ಲಾಸು ಮುಗಿದರೂ ಏಳಲಿಲ್ಲ, ಮನೆಗಳಿಂದ ಫೋನ್ ಬರತೊಡಗಿತು. ಕೊನೆಯ ಹತ್ತು ನಿಮಿಷದಲ್ಲಿ ಒಬ್ಬಳು ಅತ್ತಳು, ಒಬ್ಬಳು ಮುಂದಿನ ವಾರ ತನ್ನ ಅಣ್ಣನ ಹತ್ತಿರ ಕ್ಷಮೆ ಕೇಳಿ ಬಂದಳು. ಒಂಬತ್ತು ಹದಿನೇಳಾಯಿತು. ಹಾಲ್ ಸಾಲದೆ ಮಲಗುವ ಕೋಣೆಯಲ್ಲೂ ಕೂರಿಸಿದೆ.

‘ಟೀಚರ್, ನಮ್ಮ ಹುಡುಗಿ ಈಗ ಶುಕ್ರವಾರಕ್ಕೆ ಕಾಯ್ತಾಳೆ. ಎಂತ ಮಂತ್ರ ಹಾಕಿದ್ರಿ ಮಾರಾಯ್ತಿ?’ ಎಂದು ಒಬ್ಬಳ ತಾಯಿ ಕೇಳಿದಳು.

‘ಹೀಗೇ, ಒಂದೆರಡು ಶಿಕ್ಷಣದ ಪುಸ್ತಕ ಓದಿದೆ,’ ಅಂದೆ.

ಮಗಳು ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಕೇಳಿದಳು, ‘ಯಾಕೆ ಉಮ್ಮಾ ಹಾಗೆ ಹೇಳಿದ್ದು?’

‘ಮತ್ತೆ ಎಂತ ಹೇಳಬೇಕಿತ್ತು? ಹೇಳಿದರೆ ನಾಳೆ ಒಬ್ಬಳೂ ಬರುವುದಿಲ್ಲ. ಅವರ ಮನೆಗೂ ತೊಂದರೆ.’

‘ಅವರ ಮನೆಯ ಹೆಸರು ಹೇಳಬೇಡಿ. ಬೇರೆಯವರಿಂದ ಕಲಿತದ್ದು ಅಂತಾದರೂ ಹೇಳಬಹುದಲ್ಲ.’

‘ಸಮಯ ಬಂದಾಗ ಹೇಳ್ತೇನೆ,’ ಅಂದೆ.

ಆ ಚಳಿಗಾಲದಲ್ಲಿ ನಮ್ಮ ಕಡೆಯವರ ವಾರ್ಷಿಕ ಕೂಟದಲ್ಲಿ ನನಗೆ ಶಾಲು ಹೊದೆಸಿ ಒಂದು ನೆನಪಿನ ಫಲಕ ಕೊಟ್ಟರು. ‘ಹೊಸ ಮಾದರಿಯ ಕಲಿಕೆಯನ್ನು ರೂಪಿಸಿದ ಗುರು’ ಎಂದು ಅದರಲ್ಲಿ ಬರೆದಿತ್ತು. ಮೈಕಿನ ಮುಂದೆ ನಾನು ಎರಡು ನಿಮಿಷ ಮಾತಾಡಿದೆ. ಸಮಯ ಬಂದಿತ್ತು, ನಾನು ಹೇಳಲಿಲ್ಲ. ನನ್ನ ಗಂಡ ಮೊದಲ ಸಾಲಿನಲ್ಲಿ ಕೂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಮಗಳು ಎಲ್ಲಿದ್ದಾಳೆ ಎಂದು ನೋಡಿದೆ. ಅವಳು ಹೊರಗೆ ಹೋಗಿದ್ದಳು.

ಎಲ್ಲ ಮುರಿದದ್ದು ಒಂದು ಮದುವೆಯ ಮಾತಿನಿಂದ. ಕ್ಲಾಸಿನ ಹದಿನೇಳು ವರ್ಷದ ಹುಡುಗಿಗೆ ಮನೆಯಲ್ಲಿ ಸಂಬಂಧ ನೋಡಿದ್ದರು. ಅವಳು ತಂದೆಯ ಎದುರು ನಿಂತು, ನನಗೆ ಒಪ್ಪಿಗೆಯಿಲ್ಲ, ಕಾರಣ ಹೇಳುತ್ತೇನೆ ಕೇಳಿ ಅಂದಳಂತೆ. ‘ಕಾರಣ ಹೇಳುವುದು ಎಲ್ಲಿ ಕಲಿತೆ?’ ಎಂದು ಕೇಳಿದ್ದಕ್ಕೆ ಶುಕ್ರವಾರದ ಕ್ಲಾಸಿನಲ್ಲಿ ಎಂದಳಂತೆ. ಅವಳ ತಾಯಿ ಕ್ಲಾಸಿನ ಬುಡ ಹುಡುಕಲು ಹೊರಟಳು. ಹುಡುಗಿಯರ ಫೋನುಗಳನ್ನು ನೋಡಿದಳು. ಒಬ್ಬಳ ಫೋನಿನಲ್ಲಿ ನನ್ನ ಮಗಳು ಎಂದೋ ಕಳಿಸಿದ ಒಂದು ಚಿತ್ರವಿತ್ತು. ಆ ವಿದೇಶೀ ಹುಡುಗಿ ನಗುತ್ತಿದ್ದಾಳೆ, ಅವಳ ಹಿಂದೆ ತೆರೆದ ಲ್ಯಾಪ್‌ಟಾಪ್, ಪರದೆಯಲ್ಲಿ ಆ ಟೋಪಿಯ ಹುಡುಗ, ಅವರ ಗ್ರಂಥದ ಅಕ್ಷರಗಳು. ಚಿತ್ರ ಎರಡು ದಿನದಲ್ಲಿ ನಮ್ಮವರ ಎಲ್ಲ ಗ್ರೂಪುಗಳಲ್ಲೂ ತಿರುಗಿತು.

ಶನಿವಾರ ಸಂಜೆ ಅಸರ್ ನಮಾಜಿನ ನಂತರ ನಮ್ಮಲ್ಲಿ ಹಿರಿಯರಾದ ಒಬ್ಬ ಹಾಜಿಯವರ ಮನೆಗೆ ನಮ್ಮನ್ನು ಕರೆಸಿದರು. ಹಾಲಿನಲ್ಲಿ ಹಾಜಿಯವರು, ಇನ್ನು ಮೂವರು ಗಂಡಸರು, ನನ್ನ ಗಂಡ. ಒಳಕೋಣೆಯಲ್ಲಿ ಹೆಂಗಸರು, ಅವರ ನಡುವೆ ನನ್ನ ಮಗಳು. ನಡುವಿನ ಬಾಗಿಲು ತೆರೆದೇ ಇತ್ತು. ನನ್ನನ್ನು ಹಾಲಿನಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿದರು. ಯಾರೂ ಕಿರುಚಲಿಲ್ಲ. ಜೂಸ್ ಕೊಟ್ಟರು.

‘ಬೇಜಾರು ಮಾಡಬೇಡಿ ಟೀಚರ್,’ ಅಂದರು ಹಾಜಿಯವರು. ‘ನೀವು ಒಳ್ಳೆಯ ಮನೆತನದವರು. ಈ ಫೋಟೋ ಎಂತದ್ದು ಅಂತ ನೀವೇ ಹೇಳಿ. ನಾವು ನಂಬ್ತೇವೆ.’

ಅವರು ನಿಜವಾಗಿಯೂ ನಂಬಲು ತಯಾರಿದ್ದರು. ಅದೇ ಕಷ್ಟವಾದದ್ದು. ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆನೇನೋ. ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ನಾನು ಏನೂ ಹೇಳಿರಲಿಲ್ಲ.

‘ನಾನು ಅಲ್ಲಿ ಗಣಿತ ಹೇಳಿಕೊಡಲು ಹೋಗುವುದು,’ ಅಂದೆ. ‘ಪಾಠ ಮುಗಿದ ಮೇಲೆ ಮಕ್ಕಳು ಬೇರೆ ಕೋಣೆಯಲ್ಲಿ ಕೂರುತ್ತಾರೆ. ಅಲ್ಲಿ ಏನು ನಡೆಯುತ್ತದೆ ನನಗೆ ಗೊತ್ತಿಲ್ಲ.’

‘ಅವರು ಯಾರು ಅಂತ ಗೊತ್ತಿರಲಿಲ್ಲವಾ?’ ಒಬ್ಬರು ಕೇಳಿದರು.

ಇಲ್ಲ ಎಂದಿದ್ದರೆ ಸಾಕಿತ್ತು. ಅಷ್ಟಕ್ಕೇ ನಿಲ್ಲಬಹುದಿತ್ತು. ಒಂದು ಫೋಟೋದಿಂದ ಪೂರ್ತಿ ಏನೂ ಸಾಬೀತಾಗುವುದಿಲ್ಲ, ಯಾರದೋ ಸ್ನೇಹಿತರ ಜೊತೆ ಮಾತಾಡುತ್ತಿದ್ದಳು ಎಂದು ಬಿಡಬಹುದಿತ್ತು. ಆದರೆ ನನಗೆ ಪೂರಾ ಕೈ ತೊಳೆದುಕೊಂಡು ಹೊರಬರಬೇಕಿತ್ತು.

‘ಇತ್ತೀಚೆಗೆ ಗೊತ್ತಾಯಿತು,’ ಅಂದೆ. ‘ಹೌದು, ಅವರು ಯಹೂದಿಗಳೇ. ಆ ಹುಡುಗಿ ಒಂದು ನಮೂನೆ. ಇವಳು ಸಣ್ಣವಳು, ಏನೂ ತಿಳಿಯುವುದಿಲ್ಲ. ಅವಳೇ ಇವಳನ್ನು ಎಳೆದುಕೊಂಡದ್ದು. ಗೊತ್ತಾದ ಮೇಲೆ ಬಿಟ್ಟುಬಿಡಬೇಕು ಎಂದು ನಾನೂ ಯೋಚಿಸುತ್ತಿದ್ದೆ.’

ನನ್ನ ಬಾಯಿಂದ ಆ ಮಾತು ಬಂದಾಗ ಒಳಕೋಣೆಯಲ್ಲಿ ಬಳೆಗಳ ಸದ್ದೂ ನಿಂತಿತು. ಹಾಜಿಯವರು ನನ್ನ ಮಗಳನ್ನು ಕರೆದರು. ಅವಳು ಬಾಗಿಲಿಗೆ ಬಂದು ನಿಂತಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

‘ಮಗಳೇ, ಹೆದರಬೇಡ. ನೀನು ಆ ಪಾಠಕ್ಕೆ ಕೂರುತ್ತಿದ್ದದ್ದು ಉಮ್ಮನಿಗೆ ಗೊತ್ತಿತ್ತಾ?’

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಬಹಳ ಹೊತ್ತು ಲೆಕ್ಕ ಮಾಡಿ ಉತ್ತರ ಬಾರದಿದ್ದರೆ ಮಕ್ಕಳು ಪುಸ್ತಕದ ಹಿಂದಿನ ಪುಟ ನೋಡುತ್ತಾರಲ್ಲ, ಹಾಗೆ ನೋಡಿದಳು.

‘ಇಲ್ಲ,’ ಅಂದಳು. ‘ಉಮ್ಮನಿಗೆ ಗೊತ್ತಿರಲಿಲ್ಲ. ನಾನೇ ಹೇಳದೆ ಕೂತದ್ದು.’

‘ತೌಬಾ ಮಾಡು, ಅಲ್ಲಾಹನಲ್ಲಿ ಕ್ಷಮೆ ಕೇಳು,’ ಅಂದರು ಹಾಜಿಯವರು. ಅವಳು ತಲೆಯಾಡಿಸಿದಳು. ಒಬ್ಬರು ನನ್ನ ಗಂಡನ ಹೆಗಲು ತಟ್ಟಿ, ‘ಮಕ್ಕಳು, ಬಿಡಿ’ ಅಂದರು. ಹೆಂಗಸರು ಹೊರಡುವಾಗ ನನ್ನ ಕೈ ಹಿಡಿದು ಪಾಪ ಎಂದರು. ಮನೆಯ ಮೆಟ್ಟಿಲು ಹತ್ತುವಾಗ ನಾನು ಮಗಳ ಬೆನ್ನ ಮೇಲೆ ಕೈ ಇಟ್ಟೆ. ಅವಳು ಎರಡು ಮೆಟ್ಟಿಲು ಒಟ್ಟಿಗೆ ಹತ್ತಿ ಮುಂದೆ ಹೋದಳು.

ಮುಂದೆ ಆದದ್ದನ್ನೂ ಹೇಳಬೇಕು. ಸರಕಾರದವರು ಯಾರೂ ಆ ಮನೆಯವರನ್ನು ಏನೂ ಕೇಳಲಿಲ್ಲ. ಗಂಡ ಕೆಲಸ ಮಾಡುತ್ತಿದ್ದ ತೋಟಗಳ ಸೌದಿ ಯಜಮಾನರೂ ಏನೂ ಕೇಳಲಿಲ್ಲ. ಕೇಳಿದ್ದು, ಕಿವಿ ಕಚ್ಚಿದ್ದು, ಬೆರಳು ತೋರಿಸಿದ್ದು ಎಲ್ಲ ನಮ್ಮವರು. ಕಾಂಪೌಂಡಿಗೆ ತರಕಾರಿ ತರುತ್ತಿದ್ದ ನಮ್ಮವನೊಬ್ಬ ಆ ಮನೆಯ ಮುಂದೆ ಗಾಡಿ ನಿಲ್ಲಿಸುವುದನ್ನು ಬಿಟ್ಟ. ಸುದ್ದಿ ಕಾಂಪೌಂಡಿನ ಒಳಗೂ ಹರಡಿ, ಈಜುಕೊಳದ ಹತ್ತಿರ ಇತರ ಮನೆಗಳ ಹೆಂಗಸರು ಅವರ ಹತ್ತಿರ ಮಾತು ನಿಲ್ಲಿಸಿದರು. ಯಾರೋ ಆ ಮನೆಯ ಕರೆಗಂಟೆ ಒತ್ತಿ ಓಡಿಹೋಗುತ್ತಿದ್ದರಂತೆ, ದಿನಕ್ಕೆ ನಾಲ್ಕೈದು ಸಲ. ಇಷ್ಟೇ. ಇಷ್ಟೇ ಸಾಕಾಯಿತು. ಕರಾರು ಮುಗಿಯಲು ಏಳು ತಿಂಗಳು ಇರುವಾಗಲೇ ಅವರು ಹೊರಡುತ್ತಾರೆಂದು ಸುದ್ದಿ ಬಂತು. ತಾಯಿ ನನಗೆ ಕಳಿಸಿದ ಸಂದೇಶ ಎರಡೇ ಸಾಲು. ಇನ್ನು ಪಾಠ ಬೇಡ. ಗಣಿತ ಚೆನ್ನಾಗಿ ಹೇಳಿಕೊಟ್ಟಿರಿ, ಉಪಕಾರವಾಯಿತು.

ಹೋಗಬಾರದೆಂದಿದ್ದೆ, ಆದರೂ ಒಂದು ಬೆಳಿಗ್ಗೆ ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಹೋದೆ. ಗೇಟಿನವನು ಮನೆಗೆ ಫೋನ್ ಮಾಡಿದ. ಬಹಳ ಹೊತ್ತಿನ ಮೇಲೆ ಬಂದದ್ದು ತಾಯಿಯಲ್ಲ, ಹುಡುಗಿ. ಕೈಯಲ್ಲಿ ನನ್ನ ಎರಡು ಗಣಿತದ ಪುಸ್ತಕಗಳಿದ್ದವು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನ್ನು ನನ್ನ ಕೈಗೆ ಕೊಟ್ಟಳು.

‘ಅಮ್ಮ ಸಾಮಾನು ಕಟ್ಟುತ್ತಿದ್ದಾಳೆ,’ ಅಂದಳು. ಆಮೇಲೆ, ‘ಟೀಚರ್, ನೀವು ಹೆದರಿದ್ದಿರಾ?’

‘ಹೌದು,’ ಅಂದೆ.

‘ನಾವೂ ಹೆದರಿದ್ದೆವು. ಆದರೂ ನಿಮ್ಮನ್ನು ಒಳಗೆ ಕೂರಿಸಿದೆವು.’

ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋದದ್ದನ್ನು ತೋರಿಸುವ ಹಾಗೆ ಹೇಳಿದಳು. ನಾನು ಕ್ಷಮೆ ಕೇಳಲೆಂದು ಹೋಗಿದ್ದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಆ ವಾಕ್ಯ ಬರಲಿಲ್ಲ. ‘ಪರೀಕ್ಷೆಗೆ ಚೆನ್ನಾಗಿ ಓದು’ ಅಂದೆ. ಅವಳು ಸರಿ ಎಂದು ಒಳಗೆ ಹೋದಳು. ಅವರು ಹೊರಡುವ ವಾರ ಒಂದು ತೋಟದ ಮುದುಕ ಯಜಮಾನ ಸ್ವಂತ ಗಾಡಿಯಲ್ಲಿ ಬಂದು ನಾಲ್ಕು ಪೆಟ್ಟಿಗೆ ಖರ್ಜೂರ ಇಳಿಸಿ ಹೋದನೆಂದು ನಮ್ಮ ಟ್ಯಾಕ್ಸಿಯವನು ಹೇಳಿದ. ಯಾರೋ ಅವನಿಗೂ ಆ ಮನೆಯವರು ಯಾರೆಂದು ಹೇಳಿದ್ದರಂತೆ. ಅದಕ್ಕೆ ಅವನು, ‘ನನ್ನ ಮರ ಉಳಿಸಿದ್ದಾನೆ’ ಅಂದನಂತೆ.

ಶುಕ್ರವಾರದ ಕ್ಲಾಸನ್ನು ಸಮಿತಿಯವರು ಬೇರೊಬ್ಬರಿಗೆ ವಹಿಸಿದರು. ‘ನಿಮಗೂ ಸ್ವಲ್ಪ ವಿಶ್ರಾಂತಿ ಟೀಚರ್’ ಎಂದು ಮರ್ಯಾದೆಯಿಂದಲೇ ಹೇಳಿದರು. ಈಗ ಅಲ್ಲಿ ಅವರು ಹೇಳುತ್ತಾರೆ, ಹುಡುಗಿಯರು ಬರೆದುಕೊಳ್ಳುತ್ತಾರೆ. ಸಂಬಂಧ ಬೇಡ ಎಂದಿದ್ದ ಆ ಹುಡುಗಿಗೆ ಮರುವರ್ಷ ಮದುವೆಯಾಯಿತು. ಊರಲ್ಲಿ ನಡೆದ ಮದುವೆಗೆ ನನಗೂ ಕರೆಯೋಲೆ ಬಂದಿತ್ತು. ಫಲಕ ಮಾತ್ರ ಯಾರೂ ಹಿಂದಕ್ಕೆ ಕೇಳಲಿಲ್ಲ. ನಾನೇ ಅದನ್ನು ಕಪಾಟಿನ ಮೇಲೆ, ಸೂಟ್‌ಕೇಸುಗಳ ಹಿಂದೆ ಇಟ್ಟೆ.

ಗಂಡನಿಗೆ ನಿಜ ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ಅವರು ಕೇಳಿ, ‘ಅವತ್ತೇ ಹೇಳಿದ್ದರೆ ನಾನು ನಿನ್ನ ಪಕ್ಕ ನಿಲ್ಲುತ್ತಿದ್ದೆ’ ಅಂದರು. ನಿಲ್ಲುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ ಅನ್ನಿಸುತ್ತದೆ. ನಿಲ್ಲುವ ಅವಕಾಶವನ್ನೇ ನಾನು ಅವರಿಗೆ ಕೊಡಲಿಲ್ಲ.

ಮಗಳು ಹನ್ನೆರಡನೆಯದು ಮುಗಿಸಿ ಮಂಗಳೂರಿನ ಹಾಸ್ಟೆಲ್ ಸೇರಿದಳು. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಸೆಖೆ, ಮೆಸ್ಸಿನ ಸಾರು, ಬಸ್ಸು. ನಾನು ಹೇಳಿದ್ದಕ್ಕೆಲ್ಲ ಆಯ್ತು ಅನ್ನುತ್ತಾಳೆ. ಒಮ್ಮೆ ಬೇಕೆಂದೇ ಒಂದು ತಪ್ಪು ಮಾತು ಹೇಳಿದೆ, ಇಂಥ ವಿಷಯ ತಗೊಳ್ಳಬೇಡ, ನಿನಗಾಗುವುದಿಲ್ಲ ಎಂದು. ಅವಳು ಜಗಳವಾಡಲಿ ಎಂದು ಕಾದೆ. ‘ಆಯ್ತು ಉಮ್ಮಾ, ನೀವು ಹೇಳಿದ ಹಾಗೆ’ ಅಂದಳು. ಆಮೇಲೆ ಗೊತ್ತಾಯಿತು, ಅವಳು ಅದೇ ವಿಷಯವನ್ನು ಆಗಲೇ ತೆಗೆದುಕೊಂಡಾಗಿತ್ತು.

ಕಳೆದ ತಿಂಗಳು ಒಂದು ಭಾನುವಾರ ನಾನೇ ಅವಳಿಗೆ ಕರೆ ಮಾಡಿದೆ. ಹಿಂದೆ ಯಾರದೋ ಇಂಗ್ಲಿಷ್ ಧ್ವನಿ ಕೇಳಿಸಿತು, ಪೆನ್ಸಿಲ್ ಹಲ್ಲಿನಲ್ಲಿಟ್ಟುಕೊಂಡು ಮಾತಾಡಿದ ಹಾಗೆ. ಯಾರು ಎಂದೆ. ಅವಳು ಸ್ವಲ್ಪ ತಡೆದು, ‘ಅವಳೇ’ ಅಂದಳು. ಆ ಕುಟುಂಬ ಹೋದ ಎರಡನೇ ವಾರದಿಂದಲೇ ಇಬ್ಬರೂ ಆನ್‌ಲೈನಿನಲ್ಲಿ ಮಾತಾಡುತ್ತಿದ್ದಾರೆ, ಒಟ್ಟಿಗೆ ಓದುತ್ತಾರೆ, ಒಂದು ವಾರ ಅವರ ಗ್ರಂಥ, ಒಂದು ವಾರ ನಮ್ಮದು. ಮೂರು ವರ್ಷ. ಅದರಲ್ಲಿ ಹೆಚ್ಚಿನದು ಮುಚ್ಚಿದ ಆ ಬಾಗಿಲಿನ ಆಚೆ, ನಮ್ಮದೇ ಮನೆಯಲ್ಲಿ.

‘ನನಗೆ ಒಂದು ಮಾತು ಹೇಳಲಿಲ್ಲವಲ್ಲ?’ ಅಂದೆ.

‘ಹೇಳಿದರೆ ನೀವು ಅದನ್ನು ಎಲ್ಲಿ ಹೋಗಿ ಹೇಳ್ತೀರಿ ಅಂತ ನನಗೆ ಗೊತ್ತಿರಲಿಲ್ಲ ಉಮ್ಮಾ,’ ಅಂದಳು. ಸ್ವರ ಏರಿಸಲಿಲ್ಲ. ಬಹಳ ಮೆತ್ತಗೆ, ನನಗೆ ನೋವಾಗದ ಹಾಗೆ ಹೇಳಲು ಪ್ರಯತ್ನಪಟ್ಟಳು.

ನಾನು ಊಟ ಆಯಿತಾ ಎಂದು ಕೇಳಿದೆ. ಆಯಿತು ಅಂದಳು. ಏನು ಮಾಡಿದ್ದರು ಎಂದು ಕೇಳಿದೆ. ಅನ್ನ, ತೊಂಡೆಕಾಯಿ ಪಲ್ಯ, ಮಜ್ಜಿಗೆ ಅಂದಳು. ‘ಅವಳು ಕಾಯುತ್ತಿದ್ದಾಳೆ, ಫೋನ್ ಇಡ್ತೇನೆ ಉಮ್ಮಾ,’ ಅಂದಳು. ಸರಿ ಅಂದೆ.